41ನೇ ನಂಬರಿನ ಹುಡುಗ: ರ್ಯಾಂಕ್ ಭವಿಷ್ಯ ಹೇಳುತ್ತದೋ, ಬರೆಯುತ್ತದೋ?

2014ರ ಎನ್‌ಬಿಎ ಡ್ರಾಫ್ಟ್ ನೇರ ಪ್ರಸಾರದಲ್ಲಿ ಒಂದು ತಮಾಷೆ ನಡೆಯಿತು. ಡೆನ್ವರ್ ನಗೆಟ್ಸ್ ತಂಡ 41ನೆಯವನಾಗಿ ಸರ್ಬಿಯಾದ 19 ವರ್ಷದ ಹುಡುಗನೊಬ್ಬನನ್ನು ಆರಿಸಿಕೊಂಡಾಗ ಟೀವಿಯಲ್ಲಿ ಟಾಕೊ ಬೆಲ್ ಜಾಹೀರಾತು ಓಡ್ತಾ ಇತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ದುಂಡು ಮೈಯ, ಜಾಸ್ತಿ ನೆಗೆಯಲಾಗದ ಹುಡುಗನ ಹೆಸರು ನಿಕೊಲಾ ಯೋಕಿಚ್. 2021, 2022 ಮತ್ತು 2024ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನಿಗೇ. 2023ರಲ್ಲಿ ಡೆನ್ವರ್‌ಗೆ ಮೊದಲ ಚಾಂಪಿಯನ್ ಪಟ್ಟ ತಂದುಕೊಟ್ಟವನೂ ಅವನೇ.

ನಾನು ಇಂಜಿನಿಯರಿಂಗ್ ಓದಿದವನು. ಸಿಇಟಿ ಫಲಿತಾಂಶದ ದಿನ ನೆಂಟರೆಲ್ಲ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಬಂತು?" ಆ ಸಂಖ್ಯೆಯ ನೆರಳಲ್ಲಿ ಬೆಳೆದವರಿಗೆಲ್ಲ ಎನ್‌ಬಿಎ ಡ್ರಾಫ್ಟ್ ಬರೀ ಆಟದ ಸುದ್ದಿಯಲ್ಲ. ಹತ್ತೊಂಬತ್ತು, ಇಪ್ಪತ್ತರ ಹುಡುಗರನ್ನು ಸಾಲಾಗಿ ನಿಲ್ಲಿಸಿ ಬೆಲೆ ಕಟ್ಟುವ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಅಂತ ಇಲ್ಲಿ ಬಿಚ್ಚಿ ನೋಡಬಹುದು. ಯಾಕೆಂದರೆ ಇಲ್ಲಿ ಹತ್ತು ವರ್ಷ ಬಿಟ್ಟು ಉತ್ತರ ಪತ್ರಿಕೆ ಎಲ್ಲರ ಕಣ್ಣೆದುರೇ ಇರುತ್ತದೆ.

ಡ್ರಾಫ್ಟ್ ಅಂದರೆ ಹರಾಜಲ್ಲ

ಐಪಿಎಲ್ ಹರಾಜಿನಲ್ಲಿ ಹೆಚ್ಚು ದುಡ್ಡು ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ದುಡ್ಡಿನ ಕೂಗಾಟವಿಲ್ಲ, ಸರದಿ ಮಾತ್ರ. ಹಿಂದಿನ ಸೀಸನ್‌ನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಆಯ್ಕೆಯ ಅವಕಾಶ ಹೆಚ್ಚು. ಬೇಕೆಂದೇ ಸೋಲುವುದನ್ನು ತಡೆಯಲು ಮೇಲಿನ ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. 2019ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಕೊನೆಯ ಮೂರೂ ತಂಡಗಳಿಗೆ ತಲಾ ಶೇ 14ರಷ್ಟು ಅವಕಾಶ. ಒಟ್ಟು ಎರಡು ಸುತ್ತು, ಸುಮಾರು 60 ಆಯ್ಕೆ. ಯಾವ ಊರಿಗೆ ಹೋಗಬೇಕು ಅನ್ನುವುದು ಹುಡುಗನ ಕೈಯಲ್ಲಿಲ್ಲ.

ಹಾಗಾಗಿ ಪ್ರತಿ ತಂಡವೂ ಮೊದಲೇ ಒಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಅದಕ್ಕೆ ಮೂರು ಕಡೆಯಿಂದ ಸರಕು ಬರುತ್ತದೆ. ಒಂದು, ದೇಹದ ಅಳತೆ: ಬರಿಗಾಲಿನ ಎತ್ತರ, ಎರಡೂ ಕೈ ಚಾಚಿದಾಗಿನ ಉದ್ದ, ಎಷ್ಟೆತ್ತರ ನೆಗೆಯುತ್ತಾನೆ ಇತ್ಯಾದಿ. ಎರಡು, ಅಂಕಿ ಅಂಶ. ಇಲ್ಲಿ ಬರೀ ಪಾಯಿಂಟ್ ಎಣಿಸಿದರೆ ಸಾಲದು. ಎಷ್ಟು ನಿಮಿಷ ಆಡಿ ಗಳಿಸಿದ, ಎದುರಾಳಿಗಳು ಎಂಥವರು, ವಯಸ್ಸೆಷ್ಟು ಅಂತೆಲ್ಲ ನೋಡಬೇಕು. 22ರ ಹುಡುಗನ 20 ಪಾಯಿಂಟ್‌ಗಿಂತ 19ರವನ 20 ಪಾಯಿಂಟ್‌ಗೆ ತೂಕ ಜಾಸ್ತಿ, ಅವನು ಇನ್ನೂ ಬೆಳೆಯುವವನು. ದೂರದ ತ್ರೀ-ಪಾಯಿಂಟ್ ಮುಂದೆ ಎಷ್ಟು ಹಾಕಬಲ್ಲ ಅಂತ ಅಂದಾಜಿಸಲು ಅವನ ಫ್ರೀ ಥ್ರೋ ನೋಡುತ್ತಾರೆ, ಯಾಕೆಂದರೆ ಯಾರೂ ಅಡ್ಡ ಬರದ ಆ ಎಸೆತದಲ್ಲಿ ಕೈಯ ಹದ ಗೊತ್ತಾಗುತ್ತದೆ. ಮೂರು, ಸ್ಕೌಟ್‌ಗಳ ಕಣ್ಣು.

ಮೂರೂ ಕೈಕೊಡುತ್ತವೆ. 2007ರಲ್ಲಿ ಕೆವಿನ್ ಡ್ಯುರಾಂಟ್ 185 ಪೌಂಡ್, ಅಂದರೆ ಸುಮಾರು 84 ಕೆಜಿ ಬೆಂಚ್ ಪ್ರೆಸ್ ಅನ್ನು ಒಂದು ಸಲವೂ ಎತ್ತಲಿಲ್ಲ. ಆದರೂ ಎರಡನೆಯವನಾಗಿ ಆಯ್ಕೆಯಾಗಿ ಲೀಗ್ ಆಳಿದ. ಅವನಿಗಿಂತ ಮೊದಲು ಆಯ್ಕೆಯಾದ ಗ್ರೆಗ್ ಓಡೆನ್ ಮಂಡಿ ನೋವಿನಿಂದಾಗಿ ಆಡಿದ್ದು ಒಟ್ಟು 105 ಪಂದ್ಯ. ಇದು ಯಾರ ತಪ್ಪೂ ಅಲ್ಲ. ಭವಿಷ್ಯ ಅಂದಮೇಲೆ ಅಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ.

ಕಣ್ಣಿಗೆ ಕಂಡಿದ್ದು, ಕಾಣದ್ದು

ಆದರೆ ಕೆಲವು ತಪ್ಪುಗಳು ಹಣೆಬರಹವಲ್ಲ. 2010ರಲ್ಲಿ ಹಾರ್ವರ್ಡ್‌ನ ಜೆರೆಮಿ ಲಿನ್‌ನನ್ನು ಯಾವ ತಂಡವೂ ಆರಿಸಲಿಲ್ಲ. ಹ್ಯೂಸ್ಟನ್ ರಾಕೆಟ್ಸ್ ತಂಡದ ಕಂಪ್ಯೂಟರ್ ಮಾದರಿ ಅವನನ್ನು 15ನೇ ಸ್ಥಾನದ ಆಸುಪಾಸಿನಲ್ಲಿ ಇಟ್ಟಿತ್ತು. ಆದರೆ ನೋಡಿದವರಿಗೆಲ್ಲ ಅವನು ಚುರುಕಿಲ್ಲದವನ ಹಾಗೆ ಕಂಡ. ಮುಂದೆ ಆಟಗಾರರ ಮೊದಲ ಎರಡು ಹೆಜ್ಜೆಯ ವೇಗ ಅಳೆದಾಗ ಗೊತ್ತಾಗಿದ್ದು, ಲಿನ್ ತುಂಬಾ ಚುರುಕು. ತಂಡದ ಆಗಿನ ಮುಖ್ಯಸ್ಥ ಡ್ಯಾರಿಲ್ ಮೋರಿ ಆಮೇಲೆ ಲೇಖಕ ಮೈಕೆಲ್ ಲೂಯಿಸ್ ಬಳಿ ಒಪ್ಪಿಕೊಂಡರು: ಹಾಗೆ ಕಾಣಲು ಅವನು ಏಷ್ಯಾ ಮೂಲದವನು ಅನ್ನುವುದು ಬಿಟ್ಟರೆ ಬೇರೆ ಕಾರಣ ತೋಚುತ್ತಿಲ್ಲ. ಆಮೇಲೆ ಮೋರಿ ತಮ್ಮ ಸ್ಕೌಟ್‌ಗಳಿಗೆ ಒಂದು ನಿಯಮ ಹಾಕಿದರು. ಹೊಸ ಹುಡುಗನನ್ನು ಹಳೆಯ ಆಟಗಾರನಿಗೆ ಹೋಲಿಸುವುದಾದರೆ ಬೇರೆ ಜನಾಂಗದವನಿಗೆ ಹೋಲಿಸಿ. ಬಿಳಿಯನನ್ನು ಬಿಳಿಯನಿಗೆ, ಕರಿಯನನ್ನು ಕರಿಯನಿಗೆ ಹೋಲಿಸುವುದು ಬಂದ್. ಹಾಗೆ ಮಾಡಿದ ಕೂಡಲೇ ಎಷ್ಟೋ ಹೋಲಿಕೆಗಳು ತಾವಾಗಿಯೇ ಬಿದ್ದುಹೋದವಂತೆ.

ಇನ್ನು ಅಳತೆಯ ಕೋಲು ಎಲ್ಲರ ಮನೆ ಬಾಗಿಲಿಗೂ ಹೋಗುವುದಿಲ್ಲ. ಯಾನಿಸ್ ಆಂಟೆಟೊಕುಂಪೊ ಅಥೆನ್ಸ್‌ನಲ್ಲಿ ನೈಜೀರಿಯಾದ ವಲಸಿಗರ ಮಗನಾಗಿ ಹುಟ್ಟಿದವನು. ಬೀದಿಯಲ್ಲಿ ಸಾಮಾನು ಮಾರಿದವನು. ಗ್ರೀಸ್‌ನ ಪೌರತ್ವ ಸಿಕ್ಕಿದ್ದೇ 2013ರಲ್ಲಿ, ಡ್ರಾಫ್ಟ್ ಆದ ವರ್ಷ. ಆಡುತ್ತಿದ್ದುದು ಅಲ್ಲಿನ ಎರಡನೇ ದರ್ಜೆಯ ಲೀಗ್‌ನಲ್ಲಿ. 15ನೆಯವನಾಗಿ ಆಯ್ಕೆಯಾದ. ಆ ವರ್ಷದ ನಂಬರ್ ಒನ್ ಆಂಟನಿ ಬೆನೆಟ್ ನಾಲ್ಕೇ ಸೀಸನ್‌ನಲ್ಲಿ ಲೀಗ್‌ನಿಂದ ಹೊರಬಿದ್ದ. ಯಾನಿಸ್ 2019 ಮತ್ತು 2020ರಲ್ಲಿ ಅತ್ಯುತ್ತಮ ಆಟಗಾರನಾದ.

ರ್ಯಾಂಕ್ ತಾನೇ ಸಾಕ್ಷಿ ಹುಟ್ಟಿಸಿದಾಗ

ನನ್ನನ್ನು ನಿಜಕ್ಕೂ ಕಾಡುವುದು ಆಯ್ಕೆಯ ದಿನವಲ್ಲ, ಮಾರನೇ ದಿನದಿಂದ ನಡೆಯುವುದು. 1995ರಲ್ಲಿ ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಎಂಬ ಇಬ್ಬರು ಸಂಶೋಧಕರು 1980ರಿಂದ 1986ರವರೆಗಿನ ಡ್ರಾಫ್ಟ್ ಆಟಗಾರರನ್ನು ಅಧ್ಯಯನ ಮಾಡಿದರು. ಆಟದ ಗುಣಮಟ್ಟ, ಗಾಯ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕಂಡಿದ್ದಿಷ್ಟು: ಮೇಲಿನ ನಂಬರಿನಲ್ಲಿ ಬಂದವರಿಗೆ ಹೆಚ್ಚು ನಿಮಿಷ ಆಡಲು ಸಿಗುತ್ತದೆ, ಅವರು ಹೆಚ್ಚು ವರ್ಷ ಲೀಗ್‌ನಲ್ಲಿ ಉಳಿಯುತ್ತಾರೆ. ಅಂದರೆ ಒಂದೇ ಮಟ್ಟದಲ್ಲಿ ಆಡುವ ಇಬ್ಬರಲ್ಲಿ ಮೇಲಿನ ನಂಬರಿನವನಿಗೆ ಇನ್ನೊಂದು ಅವಕಾಶ. ತಮ್ಮ ಆಯ್ಕೆ ತಪ್ಪು ಅಂತ ಒಪ್ಪಿಕೊಳ್ಳುವುದು ಯಾರಿಗೆ ಸುಲಭ?

ಇದಕ್ಕೆ ಒಪ್ಪಂದದ ಬಲವೂ ಇದೆ. ಮೊದಲ ಸುತ್ತಿನವರಿಗೆ ಖಾತ್ರಿ ಸಂಬಳ. ಎರಡನೇ ಸುತ್ತಿನವರಿಗೆ ಅಂಥ ಖಾತ್ರಿ ಇಲ್ಲ. 2015ರಲ್ಲಿ ಪಂಜಾಬಿನ ಹಳ್ಳಿಯ ಸತ್ನಾಮ್ ಸಿಂಗ್ 52ನೆಯವರಾಗಿ ಆಯ್ಕೆಯಾಗಿ, ಡ್ರಾಫ್ಟ್ ಆದ ಮೊದಲ ಭಾರತೀಯ ಅನಿಸಿಕೊಂಡರು. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅವಕಾಶ ಸಿಕ್ಕಿದ್ದರೆ ಅವರು ಯೋಕಿಚ್ ಆಗುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಹೇಳಲು ಬೇಕಾದ ಮಾಹಿತಿಯೇ ಹುಟ್ಟಲಿಲ್ಲ ಅನ್ನುವುದು ನಿಜ ತಾನೆ?

ಇಂಜಿನಿಯರ್ ಭಾಷೆಯಲ್ಲಿ ಹೇಳಬೇಕೆಂದರೆ, ಇಲ್ಲಿ ಅಳೆಯುವ ಯಂತ್ರವೇ ಅಳತೆಯನ್ನು ಬದಲಾಯಿಸುತ್ತಿದೆ. ಮುಂದಿನ ವರ್ಷದ ಮಾದರಿ ಕಲಿಯುವುದು ಈ ವರ್ಷ ಆಡಿದವರ ಅಂಕಿಗಳಿಂದ. ಆಡಿದವರು ಯಾರು? ಹಳೆಯ ಪಟ್ಟಿಯಲ್ಲಿ ಮೇಲಿದ್ದವರೇ ಹೆಚ್ಚು. ಹೀಗೆ ಪಟ್ಟಿ ತನ್ನನ್ನು ತಾನೇ ಸರಿ ಅಂತ ಸಾಬೀತು ಮಾಡಿಕೊಳ್ಳುತ್ತಾ ಹೋಗುತ್ತದೆ.

ಹಾಗಂತ ರ್ಯಾಂಕಿಂಗ್ ಎಲ್ಲಾ ಬೋಗಸ್ ಅಂದರೆ ಅದೂ ಸುಳ್ಳೇ. 2003ರಲ್ಲಿ ಲೆಬ್ರಾನ್ ಜೇಮ್ಸ್, 2023ರಲ್ಲಿ ವಿಕ್ಟರ್ ವೆಂಬನ್ಯಾಮಾ ನಂಬರ್ ಒನ್ ಆಗಿಯೇ ಬಂದರು. ಯಾರಿಗೂ ಅನುಮಾನವಿರಲಿಲ್ಲ. ಸರಾಸರಿಯಲ್ಲಿ ಮೇಲಿನವರು ಕೆಳಗಿನವರಿಗಿಂತ ಚೆನ್ನಾಗಿಯೇ ಆಡುತ್ತಾರೆ. ತೊಂದರೆ ಇರುವುದು 14ಕ್ಕೂ 22ಕ್ಕೂ ನಡುವೆ ಒಂದು ಗೋಡೆ ಇದೆ ಅಂತ ನಂಬುವುದರಲ್ಲಿ. ಅದಕ್ಕೇ ಜಾಣ ವಿಶ್ಲೇಷಕರು ಒಂದು, ಎರಡು, ಮೂರು ಅಂತ ಎಣಿಸುವ ಬದಲು ಗುಂಪು ಮಾಡುತ್ತಾರೆ: ಇವರಿಬ್ಬರು ಬೇರೆಯೇ ಮಟ್ಟ, ಈ ಎಂಟು ಮಂದಿ ಹೆಚ್ಚುಕಮ್ಮಿ ಸಮ, ಉಳಿದವರ ಬಗ್ಗೆ ಈಗಲೇ ಹೇಳಲಾಗದು.

ಆ ಕೊನೆಯ ಮಾತು ಹೇಳಲು ಧೈರ್ಯ ಬೇಕು. ಹೇಳಿದ ಮೇಲೆ ಆ ಉಳಿದವರಿಗೂ ನಾಲ್ಕು ನಿಮಿಷ ಆಡಲು ಬಿಡಬೇಕು. ಡೆನ್ವರ್ ಮಾಡಿದ್ದೂ ಅದನ್ನೇ. ನಂಬರ್ ಮರೆತು, ಹುಡುಗನಿಗೆ ಚೆಂಡು ಕೊಟ್ಟಿತು.