ದ್ವಿಭಾಷಾ ಶಿಕ್ಷಣದಲ್ಲಿ ಲಾಭ ಮತ್ತು ನಷ್ಟ

ಮನೆಮಾತನ್ನು ಬಿಟ್ಟು ಬೇರೊಂದು ಭಾಷೆಯಲ್ಲಿ ಪಾಠ ಕಲಿತ ಮಗುವಿಗೆ ಅದರಿಂದ ಹಿತವಾಗುವುದೋ ಅಹಿತವಾಗುವುದೋ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ಉಭಯಪಕ್ಷದವರೂ ತಮ್ಮ ತಮ್ಮ ವಾದಕ್ಕೆ ನಿದರ್ಶನಗಳನ್ನು ಒದಗಿಸುತ್ತಾರೆ. ಎರಡೂ ಕಡೆಯ ನಿದರ್ಶನಗಳು ನಿಜವಾದವೇ. ಹೀಗಿರುವಲ್ಲಿ ಪ್ರಶ್ನೆಯನ್ನು ಕೇಳುವ ರೀತಿಯಲ್ಲಿಯೇ ಏನೋ ಕೊರತೆಯಿದೆಯೆಂದು ಭಾವಿಸಬೇಕಾಗುತ್ತದೆ. ಒಂದೇ ಬೋಧನಕ್ರಮವು ಒಂದು ಸಮಾಜದಲ್ಲಿ ಮಗುವಿನ ನುಡಿಸಂಪತ್ತನ್ನು ಹೆಚ್ಚಿಸಿ, ಇನ್ನೊಂದರಲ್ಲಿ ಅದನ್ನು ಕುಗ್ಗಿಸುವುದುಂಟು. ಇದರ ಕಾರಣವನ್ನು ಎರಡು ಹೊರದೇಶಗಳ ಪ್ರಸಂಗಗಳಿಂದ ತಿಳಿದು, ಅನಂತರ ಕರ್ನಾಟಕದ ಪರಿಸ್ಥಿತಿಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ಕೆನಡಾ ದೇಶದ ಪ್ರಸಂಗ. ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಆಡುವವರೇ ಬಹುಸಂಖ್ಯಾತರು. ಅಲ್ಲಿ ಮಾಂಟ್ರಿಯಲ್ ನಗರದ ಸಮೀಪವಿರುವ ಸೇಂಟ್ ಲ್ಯಾಂಬರ್ಟ್ ಎಂಬ ಊರಿನ ಇಂಗ್ಲಿಷ್ ಮನೆಮಾತಿನ ಪೋಷಕರು ತಾವಾಗಿಯೇ ಒತ್ತಾಯಿಸಿದ್ದರಿಂದ, 1965ರಲ್ಲಿ ಅವರ ಮಕ್ಕಳಿಗಾಗಿ ಪೂರ್ತಿ ಫ್ರೆಂಚಿನಲ್ಲಿ ನಡೆಯುವ ಶಿಶುತರಗತಿ ಆರಂಭವಾಯಿತು. ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಅವರು ಆ ಮಕ್ಕಳ ಪ್ರಗತಿಯನ್ನು ವರ್ಷ ವರ್ಷವೂ ಪರೀಕ್ಷಿಸಿ, 1972ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಮೊದಲಲ್ಲಿ ಇಂಗ್ಲಿಷ್ ಓದುಬರಹದಲ್ಲಿ ತುಸು ಹಿಂದುಳಿದ ಮಕ್ಕಳು, ಆ ಭಾಷೆಯ ಪಾಠ ಮೊದಲಾದ ಮೇಲೆ ಬೇಗನೆ ಸಮಸ್ಥಿತಿಗೆ ಬಂದರು. ಗಣಿತದಲ್ಲಿ ಹಿನ್ನಡೆ ಕಾಣಲಿಲ್ಲ. ಫ್ರೆಂಚ್ ಹೆಚ್ಚುವರಿಯಾಗಿ ದೊರೆಯಿತು.

ಎರಡನೆಯದು ಸ್ವೀಡನ್ನಿನದು. ದುಡಿಮೆಗಾಗಿ ಅಲ್ಲಿಗೆ ಹೋಗಿ ನೆಲೆಸಿದ ಫಿನ್ನಿಷ್ ಕುಟುಂಬಗಳ ಮಕ್ಕಳು ಸ್ವೀಡಿಷ್ ಶಾಲೆಗಳಲ್ಲಿ ಓದುತ್ತಿದ್ದರು. ತೋವೆ ಸ್ಕುಟ್ನಾಬ್-ಕಾಂಗಸ್ ಮತ್ತು ಪೆರ್ತಿ ತೌಕೊಮಾ ಅವರ 1976ರ ವರದಿಯಂತೆ, ತಾಯ್ನಾಡಿನಲ್ಲಿ ಕೆಲವು ವರ್ಷ ಫಿನ್ನಿಷಿನಲ್ಲಿಯೇ ಓದಿ ಹತ್ತರ ವಯಸ್ಸಿನ ಸುಮಾರಿಗೆ ಬಂದ ಮಕ್ಕಳು, ಎಳವೆಯಲ್ಲಿಯೇ ಬಂದವರಿಗಿಂತ ಸ್ವೀಡಿಷ್ ಕಲಿಕೆಯಲ್ಲಿ ಮೇಲಾಗಿದ್ದರು. ಎಳೆಯರಾಗಿ ಬಂದವರಲ್ಲಿ ಅನೇಕರು ಎರಡು ಭಾಷೆಗಳಲ್ಲಿಯೂ ದುರ್ಬಲರಾಗಿದ್ದರು. ಈ ಅಧ್ಯಯನದ ವಿಧಾನವನ್ನು ಮುಂದಿನ ವಿದ್ವಾಂಸರು ಟೀಕಿಸಿದ್ದಾರೆ. ಆದರೂ ಅದು ಎತ್ತಿದ ಪ್ರಶ್ನೆ ಉಳಿದೇ ಇದೆ.

ಎರಡು ಕಡೆಯೂ ಮಗು ಪರಭಾಷೆಯಲ್ಲಿಯೇ ಪಾಠ ಕೇಳಿತು. ಫಲ ಮಾತ್ರ ಬೇರೆಯಾಯಿತು. ಸೇಂಟ್ ಲ್ಯಾಂಬರ್ಟಿನ ಮಗುವಿನ ಇಂಗ್ಲಿಷಿಗೆ ಮನೆಯಲ್ಲಿ, ವ್ಯಾಪಾರದಲ್ಲಿ, ಗ್ರಂಥಗಳಲ್ಲಿ ಪೂರ್ಣ ಗೌರವವಿತ್ತು. ಶಾಲೆ ಅದನ್ನು ಕೈಬಿಟ್ಟರೂ ಸಮಾಜ ಕೈಬಿಡಲಿಲ್ಲ. ವಲಸೆ ಬಂದ ಕೂಲಿಕಾರನ ಮಗುವಿನ ಫಿನ್ನಿಷಿಗೆ ಅಂಥ ಆಸರೆ ಇರಲಿಲ್ಲ. ಲ್ಯಾಂಬರ್ಟ್ ಅವರು ಮೊದಲನೆಯ ಬಗೆಯನ್ನು ಕೂಡುವ ದ್ವಿಭಾಷಿಕತೆಯೆಂದೂ ಎರಡನೆಯದನ್ನು ಕಳೆಯುವ ದ್ವಿಭಾಷಿಕತೆಯೆಂದೂ ವಿಂಗಡಿಸಿದರು. ಕೂಡುವುದೋ ಕಳೆಯುವುದೋ ಎಂಬುದನ್ನು ಪಠ್ಯಕ್ರಮವೊಂದೇ ನಿರ್ಣಯಿಸಲಾರದು. ಮನೆಮಾತಿಗೆ ಶಾಲೆಯ ಹೊರಗೆ ಇರುವ ಸ್ಥಾನಮಾನವೂ ನಿರ್ಣಯಿಸುತ್ತದೆ.

ಸಮಾಜದಂತೆಯೇ ಭಾಷೆಯ ಸ್ವರೂಪಕ್ಕೂ ಇದರಲ್ಲಿ ಪಾಲುಂಟು. ಆಟದ ಬಯಲಿನ ಮಾತು ಬೇರೆ, ಪಾಠದ ಭಾಷೆ ಬೇರೆ ಎಂಬ ಭೇದವನ್ನು ಕೆನಡಾದ ಜಿಮ್ ಕಮ್ಮಿನ್ಸ್ ಅವರು 1979ರಲ್ಲಿ ಪ್ರತಿಪಾದಿಸಿದರು. ಅವರ ಅಭಿಪ್ರಾಯದಲ್ಲಿ ಮಾತುಕತೆಯ ಭಾಷೆ ಎರಡು ವರ್ಷಗಳಲ್ಲಿ ಕೈವಶವಾದೀತು; ಕಾರ್ಯಕಾರಣಗಳನ್ನು ನಿರೂಪಿಸುವ, ವ್ಯಾಖ್ಯೆ ಕೊಡುವ ಭಾಷೆಗೆ ಐದರಿಂದ ಏಳು ವರ್ಷಗಳು ಬೇಕು. ಒಂದು ಭಾಷೆಯಲ್ಲಿ ಬೆಳೆದ ಇಂಥ ವಿಚಾರಶಕ್ತಿ ಇನ್ನೊಂದಕ್ಕೂ ಒದಗಿ ಬರುತ್ತದೆ. ಭಾಷೆಗಳ ನಂಟೂ ಗಣನೀಯ. ತುಳು ಮನೆಮಾತಿನ ಮಗುವಿಗೆ ಕನ್ನಡದ ವಾಕ್ಯರಚನೆ ಅಪರಿಚಿತವಲ್ಲ. ಎರಡೂ ದ್ರಾವಿಡ ಭಾಷೆಗಳು, ಎರಡರಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ಮೇಲಾಗಿ ಪೇಟೆಯಲ್ಲಿಯೂ ಯಕ್ಷಗಾನದ ರಂಗದಲ್ಲಿಯೂ ಕನ್ನಡ ಅದರ ಕಿವಿಗೆ ಬಿದ್ದಿರುತ್ತದೆ. ತಾಂಡಾದ ಲಂಬಾಣಿ ಮಗುವಿನ ನುಡಿಯಾದರೋ ಇಂಡೋ-ಆರ್ಯನ್ ವರ್ಗಕ್ಕೆ ಸೇರಿದ್ದು. ಅದಕ್ಕೆ ಕನ್ನಡದ ಮೊದಲ ಪಾಠವೇ ಪರಭಾಷೆಯ ಪಾಠವಾಗಬಹುದು. ಇಂಗ್ಲಿಷಾದರೋ ವಾಕ್ಯಕ್ರಮ, ಕಾಗುಣಿತ ಎರಡರಲ್ಲಿಯೂ ಇವರೆಲ್ಲರಿಗೂ ದೂರದ್ದು.

ಈ ಬೆಳಕಿನಲ್ಲಿ ಕರ್ನಾಟಕವನ್ನು ನೋಡೋಣ. ಮೊದಲ ನಾಲ್ಕು ತರಗತಿಗಳ ಬೋಧನೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಯಬೇಕೆಂದು ರಾಜ್ಯಸರ್ಕಾರ 1994ರಲ್ಲಿ ಆಜ್ಞೆ ಹೊರಡಿಸಿತು. ದೀರ್ಘ ವ್ಯಾಜ್ಯದ ಬಳಿಕ 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಾಧ್ಯಮವನ್ನು ಹೀಗೆ ಕಡ್ಡಾಯಪಡಿಸುವ ಅಧಿಕಾರ ಸರ್ಕಾರಕ್ಕಿಲ್ಲವೆಂದೂ ಮಗುವಿನ ಪರವಾಗಿ ಆಯ್ಕೆ ಪೋಷಕರದೆಂದೂ ತೀರ್ಪಿತ್ತಿತು. 2019-20ರ ಸಾಲಿನಲ್ಲಿ ಸರ್ಕಾರವೇ ತನ್ನ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಇದನ್ನು ಕೇವಲ ವ್ಯಾಮೋಹವೆಂದು ಹಳಿಯುವುದು ಉಚಿತವಲ್ಲ. ಉದ್ಯೋಗದ ಬಾಗಿಲು ಯಾವ ಭಾಷೆಯಲ್ಲಿ ತೆರೆಯುವುದೆಂಬುದನ್ನು ಕೂಲಿ ಮಾಡುವ ತಂದೆತಾಯಿಗಳೂ ಬಲ್ಲರು.

ಆದರೆ ಒಂದೇ ಆಯ್ಕೆ ಎಲ್ಲರಿಗೂ ಒಂದೇ ಫಲವನ್ನು ಕೊಡದು. ಪುಸ್ತಕಗಳಿರುವ, ವಿದ್ಯಾವಂತರಿರುವ ಮನೆಯ ಮಗುವಿಗೆ ಇಂಗ್ಲಿಷ್ ಮಾಧ್ಯಮವು ಸೇಂಟ್ ಲ್ಯಾಂಬರ್ಟಿನಂತೆ ಕೂಡಿಕೆಯಾದೀತು. ಮನೆಯಲ್ಲಿ ಓದುಬರಹದ ಆಸರೆಯಿಲ್ಲದೆ, ಉಪಾಧ್ಯಾಯರೂ ಇಂಗ್ಲಿಷಿನಲ್ಲಿ ಸಲೀಸಾಗಿಲ್ಲದ ಶಾಲೆಯಲ್ಲಿ ಕಲಿಯುವ ಮಗು, ಕನ್ನಡದಲ್ಲಿ ವಿಚಾರಮಾಡುವ ಶಕ್ತಿ ಬಲಿಯುವ ಮುನ್ನವೇ ಅದನ್ನು ಬಿಟ್ಟು, ಇಂಗ್ಲಿಷಿನಲ್ಲಿ ಕಂಠಪಾಠವನ್ನಷ್ಟೇ ಪಡೆಯುವ ಭಯವಿದೆ. ಹೆಚ್ಚು ಆಸೆಯಿಟ್ಟು ಬಂದವರೇ ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯ ವಿಷಾದ.

ಈ ವಿಷಯ ಪ್ರಾಥಮಿಕ ಶಾಲೆಗೆ ಮಾತ್ರ ಸಂಬಂಧಿಸಿದ್ದಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು ಪದವಿಪೂರ್ವ ಹಂತದಲ್ಲಿ ವಿಜ್ಞಾನವನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಕೇಳಬೇಕಾಗುತ್ತದೆ. ವೇಗೋತ್ಕರ್ಷವೆಂದರೇನೆಂದು ಚೆನ್ನಾಗಿ ಬಲ್ಲ ವಿದ್ಯಾರ್ಥಿ ಆಕ್ಸಿಲರೇಷನ್ ಎಂಬ ಪದದ ಮುಂದೆ ಮೂಕನಾಗುತ್ತಾನೆ. ಅವನಿಗೆ ಇಲ್ಲದಿರುವುದು ಹೆಸರೇ ಹೊರತು ತಿಳಿವಳಿಕೆಯಲ್ಲ. ಅಧ್ಯಾಪಕರು ಈ ಭೇದವನ್ನರಿತು, ಪಾರಿಭಾಷಿಕ ಪದಗಳನ್ನು ಎರಡು ಭಾಷೆಗಳಲ್ಲಿಯೂ ಹಲಗೆಯ ಮೇಲೆ ಬರೆದು, ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲು ಅವಕಾಶವಿತ್ತು, ಉತ್ತರವನ್ನು ಕ್ರಮೇಣ ಇಂಗ್ಲಿಷಿಗೆ ತಿರುಗಿಸುವುದನ್ನು ಅಭ್ಯಾಸ ಮಾಡಿಸಿದರೆ, ಕಳೆಯಬಹುದಾದದ್ದು ಕೂಡಿಕೆಯಾಗುತ್ತದೆ. ಸಮಾಜದಲ್ಲಿ ಭಾಷೆಗಳ ಸ್ಥಾನವನ್ನು ಒಂದು ತರಗತಿ ಬದಲಾಯಿಸಲಾರದು; ಆ ತರಗತಿಯೊಳಗೆ ಎರಡು ಭಾಷೆಗಳಿಗೂ ಸಮಾನ ಗೌರವವನ್ನು ಕೊಡುವುದಂತೂ ನಮ್ಮ ಕೈಯಲ್ಲಿಯೇ ಇದೆ.