ಒಲೆಗೂ ಗೋಡೆಗೂ ನಡುವಣ ಎರಡು ತಂತಿ

ಅಮೆರಿಕದ ಉತ್ತರದಂಚಿನಲ್ಲಿರುವ ಮಿನಿಸೋಟ ರಾಜ್ಯದಲ್ಲಿ ಜನವರಿ ತಿಂಗಳ ರಾತ್ರಿ ಹೊರಗಿನ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯುವುದು ಅಪರೂಪವಲ್ಲ. ಅಂಥ ಒಂದು ರಾತ್ರಿ ಮನೆಯನ್ನು ಬೆಚ್ಚಗಿಡುವ ಅನಿಲದ ಒಲೆ ಉರಿಯದೆ ನಿಂತಿತೆನ್ನೋಣ. ಮನೆಯವರು ಚಳಿಯಿಂದ ನಡುಗುವುದಷ್ಟೇ ಅಲ್ಲ, ಗೋಡೆಯೊಳಗಿನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟತೊಡಗುತ್ತದೆ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹೆಚ್ಚುವುದರಿಂದ ಲೋಹದ ಕೊಳವೆಯೂ ಸೀಳಿಹೋಗಬಹುದು. ಇಷ್ಟು ಅನರ್ಥಕ್ಕೆ ಒಲೆಯೇ ಕಾರಣವಾಗಿರಬೇಕೆಂದಿಲ್ಲ. ಗೋಡೆಯ ಮೇಲಿನ ಉಷ್ಣನಿಯಂತ್ರಕದಿಂದ, ಎಂದರೆ ಥರ್ಮೋಸ್ಟಾಟಿನಿಂದ, ಒಲೆಗೆ ಬರುವ ತಂತಿಯ ಒಂದು ಸಡಿಲವಾದ ತಿರುಪೇ ಸಾಕು. ಆ ದೋಷವನ್ನು ಹುಡುಕುವ ಬಗೆಯನ್ನು ನಾವೀಗ ವಿಚಾರಮಾಡೋಣ.

ಉಷ್ಣನಿಯಂತ್ರಕವು ತಾನಾಗಿ ಶಾಖವನ್ನು ಕೊಡುವುದಿಲ್ಲ. ಅದು ಉಷ್ಣತೆಯನ್ನು ಅರಿತು ತಾನೇ ಹಾಕಿಕೊಳ್ಳುವ, ತಾನೇ ಆರಿಸಿಕೊಳ್ಳುವ ಒಂದು ಸ್ವಿಚ್ಚು ಮಾತ್ರ. ನಮ್ಮ ಮನೆಗಳ ವಿದ್ಯುತ್ ಇಸ್ತ್ರಿಪೆಟ್ಟಿಗೆಯಲ್ಲಿಯೂ ಇದರ ಬಂಧುವೊಂದುಂಟು. ಹಿತ್ತಾಳೆಯ ಪಟ್ಟಿಯನ್ನೂ ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹದ ಪಟ್ಟಿಯನ್ನೂ ಒಂದರ ಮೇಲೊಂದು ಬೆಸೆದರೆ, ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗಿ ಜೋಡುಪಟ್ಟಿ ಒಂದು ಕಡೆಗೆ ಬಾಗುತ್ತದೆ, ತಣಿದಾಗ ಇನ್ನೊಂದು ಕಡೆಗೆ. ಕೋಣೆ ತಣಿದಾಗ ಈ ಬಾಗುವಿಕೆಯೇ ಎರಡು ತಂತಿಗಳನ್ನು ಕೂಡಿಸುತ್ತದೆ. 1883ರಲ್ಲಿ ಕೋಣೆಯ ವಿದ್ಯುತ್ ಥರ್ಮೋಸ್ಟಾಟಿಗೆ ಹಕ್ಕುಪತ್ರ ಪಡೆದ ವಾರನ್ ಜಾನ್ಸನ್ ವಿಸ್ಕಾನ್ಸಿನ್ ರಾಜ್ಯದ ಒಬ್ಬ ಅಧ್ಯಾಪಕ. ತರಗತಿ ತಣಿದಾಗ ನೆಲಮಾಳಿಗೆಯಲ್ಲಿದ್ದ ಒಲೆಯ ಆಳಿಗೆ ಗಂಟೆಯ ಮೂಲಕ ಸುದ್ದಿ ಮುಟ್ಟಿಸುವುದು ಅವನ ಮೊದಲ ಉದ್ದೇಶವಾಗಿತ್ತು.

ನಾವು ಆರಿಸಿಕೊಂಡಿರುವ ಒಲೆಯಲ್ಲಿ ಇನ್ನೊಂದು ಸೋಜಿಗವಿದೆ. ಅದಕ್ಕೆ ಬೀದಿಯ ವಿದ್ಯುತ್ತು ಬೇಕಿಲ್ಲ. ಬೇಕಾದ ವಿದ್ಯುತ್ತನ್ನು ಅದು ತನ್ನ ಬೆಂಕಿಯಿಂದಲೇ ಪಡೆಯುತ್ತದೆ. ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಕೂಡಿಸಿ ಒಂದು ಬೆಸುಗೆಯನ್ನು ಕಾಯಿಸಿ ಇನ್ನೊಂದನ್ನು ತಣ್ಣಗಿಟ್ಟರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗುವುದೆಂದು 1821ರಲ್ಲಿ ಸೀಬೆಕ್ ಕಂಡನು. ಇಂಥ ಒಂದು ಉಷ್ಣಯುಗ್ಮವು ಪುಟ್ಟ ಪೈಲಟ್ ಜ್ವಾಲೆಯಲ್ಲಿ ಕೊಡುವುದು ಸುಮಾರು 30 ಮಿಲಿವೋಲ್ಟು. ಅನೇಕ ಯುಗ್ಮಗಳನ್ನು ಸಾಲಾಗಿ ಜೋಡಿಸಿದ ಥರ್ಮೊಪೈಲು ಅರ್ಧದಿಂದ ಮುಕ್ಕಾಲು ವೋಲ್ಟನ್ನು ಕೊಡಬಲ್ಲದು. ಈ ಅಲ್ಪ ವಿದ್ಯುತ್ತು ಉಷ್ಣನಿಯಂತ್ರಕದ ಮೂಲಕ ಹರಿದು ಅನಿಲದ ಕವಾಟದ ಸುರುಳಿಯನ್ನು ಸೇರಿ ಕವಾಟವನ್ನು ತೆರೆಯುತ್ತದೆ. ಬಿರುಗಾಳಿಗೆ ಊರಿನ ದೀಪಗಳೆಲ್ಲ ಆರಿದರೂ ಒಲೆ ಉರಿಯುವುದು ಇದರಿಂದಲೇ.

ಆದರೆ ಈ ಗುಣವೇ ಅದರ ದೌರ್ಬಲ್ಯವೂ ಹೌದು. ಲೆಕ್ಕಮಾಡಿ ನೋಡೋಣ. ಒಲೆಯ ವಿದ್ಯುನ್ಮಂಡಲದ ಒಟ್ಟು ರೋಧ 5 ಓಮ್ ಎಂದೂ, ಥರ್ಮೊಪೈಲು ಕೊಡುವುದು 0.75 ವೋಲ್ಟೆಂದೂ ಇಟ್ಟುಕೊಂಡರೆ, ಓಮನ ನಿಯಮದಂತೆ ಹರಿಯುವ ಪ್ರವಾಹ 150 ಮಿಲಿಆಂಪೇರು. ತಿರುಪಿನ ಕೆಳಗೆ ಕಿಲುಬು ಹಿಡಿದು 2 ಓಮ್ ರೋಧ ಹೆಚ್ಚಿದರೆ ಪ್ರವಾಹ ಸುಮಾರು 107ಕ್ಕೆ ಇಳಿಯುತ್ತದೆ. ಕವಾಟ ತೆರೆಯದೆ ಹೋಗಬಹುದು. ಅದೇ ಕಿಲುಬು 24 ವೋಲ್ಟಿನ, 60 ಓಮ್ ರೋಧದ ಮಂಡಲದಲ್ಲಿದ್ದರೆ ಪ್ರವಾಹ 400ರಿಂದ 387ಕ್ಕೆ ಇಳಿಯುವುದಷ್ಟೆ. ಯಾರಿಗೂ ತಿಳಿಯುವುದೂ ಇಲ್ಲ. ತಂತಿಯ ದಪ್ಪವೂ ಇಲ್ಲಿ ಮುಖ್ಯ. ಹೋಗಿಬರುವ ದಾರಿ 20 ಮೀಟರಾದರೆ 1 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ ಸುಮಾರು 0.4 ಓಮ್. ದಪ್ಪವನ್ನು ಅರ್ಧಮಾಡಿದರೆ ಅದು ನಾಲ್ಕು ಪಟ್ಟಾಗುತ್ತದೆ.

ಇನ್ನು ದೋಷವನ್ನು ಹುಡುಕೋಣ. ಪೈಲಟ್ ಜ್ವಾಲೆ ಉರಿಯುತ್ತಿದೆಯೆ? ನಿಯಂತ್ರಕದ ಮುಳ್ಳು ಕೋಣೆಯ ಉಷ್ಣತೆಗಿಂತ ಮೇಲಿದೆಯೆ? ಅದರಲ್ಲಿ ವಿದ್ಯುತ್ಕೋಶಗಳಿದ್ದರೆ ಅವು ಹೊಸವೆ? ಇವೆಲ್ಲ ಸರಿಯಾಗಿದ್ದರೆ ಮೊದಲನೆಯ ಪರೀಕ್ಷೆ ಇದು: ಒಲೆಯ ಬಳಿ ನಿಯಂತ್ರಕದ ತಂತಿಗಳು ಬಂದು ಸೇರುವ ಎರಡು ತಿರುಪುಗಳನ್ನು ಒಂದು ತುಂಡುತಂತಿಯಿಂದ ಕೂಡಿಸಬೇಕು. ಆಗಲೂ ಒಲೆ ಹೊತ್ತದಿದ್ದರೆ ದೋಷವು ಒಲೆಯೊಳಗಿದೆ. ಅದು ತಜ್ಞನ ಕೆಲಸ. ಹೊತ್ತಿತೆಂದರೆ ಒಲೆ ನಿರ್ದೋಷಿ.

ಎರಡನೆಯದಾಗಿ, ತುಂಡುತಂತಿಯನ್ನು ತೆಗೆದು, ಗೋಡೆಯ ಬಳಿಗೆ ಹೋಗಿ ನಿಯಂತ್ರಕದಿಂದ ಎರಡು ತಂತಿಗಳನ್ನೂ ಬಿಚ್ಚಿ ಒಂದಕ್ಕೊಂದು ತಾಗಿಸಬೇಕು. ಒಲೆ ಹೊತ್ತಿದರೆ ತಪ್ಪು ನಿಯಂತ್ರಕದ್ದು. ಹೊತ್ತದಿದ್ದರೆ ತಂತಿಯದು ಇಲ್ಲವೆ ಅದರ ಜೋಡಣೆಯದು. ತಂತಿಯ ಒಲೆಯ ಕಡೆಯ ತುದಿಗಳನ್ನೂ ಬಿಚ್ಚಿ, ಗೋಡೆಯ ಕಡೆಯವನ್ನು ಹೆಣೆದು, ಮಲ್ಟಿಮೀಟರಿನಿಂದ ರೋಧವನ್ನು ಅಳೆದರೆ ಸಂಶಯ ತೀರುತ್ತದೆ. ಒಂದು ಓಮಿಗಿಂತ ಕಡಮೆ ಇರಬೇಕಾದೆಡೆ ಹಲವು ಓಮ್ ಕಂಡರೆ ತುದಿಗಳನ್ನು ಹೊಳೆಯುವಂತೆ ಉಜ್ಜಿ ತಿರುಪುಗಳನ್ನು ಬಿಗಿಮಾಡಬೇಕು. ತಂತಿಯೇ ತುಂಡಾಗಿದ್ದರೆ ಬೇರೆಯದನ್ನು ಎಳೆಯಬೇಕು.

ಒಲೆ ಆರದೆಯೇ ಉರಿಯುತ್ತಿದ್ದರೆ ಪರೀಕ್ಷೆ ಇದಕ್ಕೆ ತಿರುವುಮುರುವು. ಒಲೆಯ ಬಳಿ ಒಂದು ತಂತಿಯನ್ನು ಬಿಚ್ಚಿದಾಗ ಬೆಂಕಿ ಆರಿದರೆ, ಎಲ್ಲಿಯೋ ಎರಡು ತಂತಿಗಳು ಒಂದಕ್ಕೊಂದು ತಾಗಿವೆ, ಇಲ್ಲವೆ ನಿಯಂತ್ರಕವು ಅಂಟಿಕೊಂಡಿದೆ. ಚಿತ್ರಪಟ ತೂಗುಹಾಕಲು ಹೊಡೆದ ಮೊಳೆಯೂ ಹೀಗೆ ಮಾಡೀತು!

ಇಲ್ಲಿ ಕೆಲವು ಎಚ್ಚರಿಕೆಯ ಮಾತುಗಳು ಅವಶ್ಯ. ಮಿಲಿವೋಲ್ಟಿನ ಕವಾಟಕ್ಕೆ 24 ವೋಲ್ಟನ್ನಾಗಲಿ ಬೀದಿಯ ವಿದ್ಯುತ್ತನ್ನಾಗಲಿ ಜೋಡಿಸಿದರೆ ಸುರುಳಿ ಸುಟ್ಟುಹೋಗುತ್ತದೆ. 24 ವೋಲ್ಟನ್ನು ತಂತಿಯಿಂದಲೇ ಪಡೆದು ನಡೆಯುವ ನಿಯಂತ್ರಕವು ಈ ಒಲೆಗೆ ಒದಗುವುದಿಲ್ಲ. ಬೀದಿಯ ವಿದ್ಯುತ್ತಿನಿಂದ ನಡೆಯುವ ಬೇರೆ ಬಗೆಯ ಒಲೆಯಾದರೆ, ಮೊದಲು ವಿದ್ಯುತ್ತನ್ನು ಕಡಿಯದೆ ಮುಟ್ಟಲೇಬಾರದು. ಅನಿಲದ ವಾಸನೆ ಬಂದರಂತೂ ಯಾವ ಪರೀಕ್ಷೆಯೂ ಬೇಡ. ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಬಂದು ಅಲ್ಲಿಂದ ಅನಿಲದ ಸಂಸ್ಥೆಗೆ ತಿಳಿಸಬೇಕು. ಒಲೆ ಕೆಟ್ಟಿತೆಂದು ಕೋಣೆಯೊಳಗೆ ಇದ್ದಲು ಉರಿಸುವುದು ಎಲ್ಲಕ್ಕಿಂತ ಘೋರವಾದ ತಪ್ಪು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಹೋದವರು ಏಳದೆಯೇ ಹೋಗಬಹುದು. ವ್ಯಾಸಂಗಕ್ಕೋ ಉದ್ಯೋಗಕ್ಕೋ ಚಳಿನಾಡಿಗೆ ಹೋಗುವ ನಮ್ಮ ತರುಣರು ಇದನ್ನು ಮರೆಯಬಾರದು.

ನಾವು ಮಾಡಿದ್ದು ಇಷ್ಟೆ: ಉದ್ದವಾದ ಹಾದಿಯನ್ನು ಎರಡು ಭಾಗಮಾಡಿ, ಯಾವ ಭಾಗ ಸರಿಯಾಗಿದೆಯೆಂದು ಒಂದೊಂದೇ ಪರೀಕ್ಷೆಯಿಂದ ತಿಳಿದು, ಉಳಿದುದನ್ನು ಮತ್ತೆ ಭಾಗಮಾಡಿದೆವು. ಪ್ರಯೋಗಶಾಲೆಯ ಗ್ಯಾಲ್ವನಾಮೀಟರಿನ ಮುಳ್ಳು ಅಲುಗದಿದ್ದಾಗಲೂ ವಿದ್ಯಾರ್ಥಿಗಳು ಹೀಗೆಯೇ ನಡೆದುಕೊಳ್ಳಬಹುದು. ಉಪಕರಣವನ್ನು ದೂರುವ ಮೊದಲು ತಿರುಪುಗಳನ್ನೊಮ್ಮೆ ಮುಟ್ಟಿ ನೋಡುವುದು ಒಳ್ಳೆಯದು.