ಫೋಲಿಕ್ ಆಮ್ಲ: ಬಿತ್ತನೆ ಗೊಬ್ಬರದಂತೆ ಮೊದಲೇ ಬೇಕು

ಮೆಕ್ಕೆಜೋಳಕ್ಕೆ ರಂಜಕದ ಗೊಬ್ಬರವನ್ನು ಬಿತ್ತುವಾಗಲೇ ಕೊಡಬೇಕು, ಪೈರು ಮೊಣಕಾಲುದ್ದ ಬಂದ ಮೇಲೆ ಚೆಲ್ಲಿದರೆ ಹಾಕಿದ ಹಣ ದಂಡ ಎಂಬುದು ಹಂಪಸಾಗರದ ಸುತ್ತಮುತ್ತಲಿನ ರೈತ ಬಾಂಧವರಿಗೆ ಹೊಸ ಮಾತಲ್ಲ. ಮನೆಯ ಹೆಣ್ಣುಮಕ್ಕಳಿಗೆ ಬೇಕಾದ ಒಂದು ಜೀವಸತ್ವವೂ ಇದೇ ಬಗೆಯದು. ಅದೇ ಫೋಲಿಕ್ ಆಮ್ಲ. ಬೇಸಾಯಶಾಸ್ತ್ರದವನಿಗೆ ಈ ವಿಷಯವೇಕೆ ಎಂದು ತಾವು ಕೇಳಬಹುದು. ನಮ್ಮ ಹೊಲಗಳಲ್ಲಿ ಕಳೆ ತೆಗೆಯುವವರು ಹೆಚ್ಚಾಗಿ ಹೆಂಗಸರೇ. ಅವರ ಆರೋಗ್ಯವು ಬೇಸಾಯಕ್ಕೆ ಹೊರಗಿನ ವಿಷಯವಲ್ಲ.

ಗರ್ಭ ನಿಂತ ಸುಮಾರು 28 ದಿನಗಳೊಳಗೆ, ಮುಂದೆ ಕೂಸಿನ ಮೆದುಳು ಮತ್ತು ಬೆನ್ನುಹುರಿ ಆಗಬೇಕಾದ ನರಕೊಳವೆ ಮುಚ್ಚಿಕೊಳ್ಳುತ್ತದೆ. ಆಗ ತಾಯಿಯ ಮೈಯಲ್ಲಿ ಫೋಲಿಕ್ ಆಮ್ಲ ಸಾಲದಿದ್ದರೆ ಕೊಳವೆ ಪೂರ್ಣ ಮುಚ್ಚದೆ, ಬೆನ್ನು ಸೀಳಿದ ಅಥವಾ ತಲೆಬುರುಡೆ ಬೆಳೆಯದ ಮಗು ಹುಟ್ಟುವ ಸಂಭವ ಹೆಚ್ಚು. ಇದು ದೂರದ ಸಂಗತಿಯಲ್ಲ. ನೆರೆಯ ದಾವಣಗೆರೆಯ ವೈದ್ಯರು 1980ರ ದಶಕದಲ್ಲಿ ಅಲ್ಲಿನ ಆಸ್ಪತ್ರೆಗಳ ಹೆರಿಗೆಗಳನ್ನು ಪರಿಶೀಲಿಸಿದಾಗ ಸಾವಿರಕ್ಕೆ 11ರಷ್ಟು ಮಕ್ಕಳಲ್ಲಿ ಈ ನ್ಯೂನತೆ ಕಂಡುಬಂದಿತ್ತು. ಎಲ್ಲಕ್ಕೂ ಈ ಒಂದು ಕೊರತೆಯೇ ಕಾರಣವಲ್ಲ, ನಿಜ. ಆದರೆ ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಮುಂಚಿತವಾಗಿಯೇ ಫೋಲಿಕ್ ಆಮ್ಲ ಕೊಟ್ಟಾಗ ಈ ನ್ಯೂನತೆ ಶೇಕಡಾ 72ರಷ್ಟು ಕಡಿಮೆಯಾಯಿತೆಂದು ಬ್ರಿಟನ್ನಿನ ನೇತೃತ್ವದ ಪ್ರಯೋಗವೊಂದು 1991ರಲ್ಲಿ ತೋರಿಸಿಕೊಟ್ಟಿತು.

ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆ ಹೇಳುವ ರೂಢಿ ಇಲ್ಲ. ತಾಯಿ ಕಾರ್ಡು ಕೈಗೆ ಬರುವ ಹೊತ್ತಿಗೆ ಹದ ಮೀರಿರುತ್ತದೆ. ಆದ್ದರಿಂದ ಮನೆಗೆ ಸೊಸೆ ಬಂದಾಗಲೇ, ಇಲ್ಲವೆ ಎರಡನೆಯ ಮಗು ಬೇಕೆಂದುಕೊಂಡಾಗಲೇ, ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕಾಣುವುದು ಒಳ್ಳೆಯದು. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನಾಲ್ಕನೆಯ ತಿಂಗಳಿನಿಂದ ಸರಕಾರದ ಕೆಂಪು ಗುಳಿಗೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕು. ಚಹಾದೊಡನೆ ಬೇಡ. ಸುಣ್ಣದ ಅಂಶದ, ಅಂದರೆ ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ಮಲ ಕಪ್ಪಾದರೆ ಹೆದರಿ ಬಿಡಬಾರದು. ಅದು ಕಬ್ಬಿಣದ ಬಣ್ಣ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದೂ ಬೇಡ.

ಇನ್ನು ಹೆಚ್ಚು ಹಾಕಿದರೆ ಹೆಚ್ಚು ಬೆಳೆ ಎಂಬ ಯೂರಿಯಾ ಲೆಕ್ಕ ಇಲ್ಲಿ ಸಲ್ಲದು. (ಯೂರಿಯಾಕ್ಕೂ ಅದು ಸಲ್ಲದೆಂದು ನಾವು ಹೇಳುತ್ತಲೇ ಬಂದಿದ್ದೇವೆ.) ಔಷಧದಂಗಡಿಗಳಲ್ಲಿ ಸಿಗುವುದು ಬಹುಮಟ್ಟಿಗೆ 5 ಮಿಲಿಗ್ರಾಂ ಗುಳಿಗೆ. ಇದು 400 ಮೈಕ್ರೋಗ್ರಾಂನ ಹನ್ನೆರಡೂವರೆ ಪಟ್ಟು. ಹಿಂದೆ ನ್ಯೂನತೆಯ ಮಗು ಹುಟ್ಟಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಮೂರ್ಛೆರೋಗದ ಔಷಧ ನಡೆಯುತ್ತಿದ್ದರೆ ವೈದ್ಯರೇ ಇಂಥ ದೊಡ್ಡ ಪ್ರಮಾಣವನ್ನು ಬರೆದುಕೊಡುವುದುಂಟು. ಅವರು ಬರೆದಿದ್ದರೆ ತಪ್ಪದೆ ನುಂಗಬೇಕು; ತಾವಾಗಿಯೇ ಕೊಂಡು ನುಂಗಬಾರದು. ಮೂರ್ಛೆರೋಗದ ಕೆಲವು ಔಷಧಗಳ ಬಲವನ್ನು ಇದು ತಗ್ಗಿಸಬಲ್ಲದು.

ಇನ್ನೊಂದು ಅಪಾಯವು ಕಣ್ಣಿಗೆ ಕಾಣದು. ಬಿ-12 ಎಂಬ ಜೀವಸತ್ವ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಸಿಗುತ್ತದೆ; ಕಾಳು ಸೊಪ್ಪುಗಳಲ್ಲಿ ಇಲ್ಲ. ಇದರ ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ. ಆಗ ಫೋಲಿಕ್ ಆಮ್ಲವನ್ನಷ್ಟೇ ಹೆಚ್ಚಾಗಿ ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳು ಕೆಡುತ್ತಲೇ ಹೋಗುತ್ತವೆ. ವೈದ್ಯರು ಹೇಳದೆ ದಿನಕ್ಕೆ 1 ಮಿಲಿಗ್ರಾಂ ಮೀರಬಾರದೆಂಬ ಮಿತಿ ಇರುವುದು ಇದಕ್ಕಾಗಿಯೇ. ಹಾಲು ಮೊಸರು ಅಷ್ಟಾಗಿ ಸಿಗದ ಸಸ್ಯಾಹಾರಿಗಳು, ವಯಸ್ಸಾದವರು, ಅಂಗಾಲು ಜುಮ್ಮೆನ್ನುವವರು ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.

ಕೆಂಪು ಗುಳಿಗೆಯನ್ನು ಮಕ್ಕಳು ಮಿಠಾಯಿಯೆಂದು ತಿಂದಾರು. ಅದರ ಕಬ್ಬಿಣ ಎಳೆಯ ಮಗುವಿನ ಜೀವಕ್ಕೇ ಎರವಾಗಬಲ್ಲದು. ಕೀಟನಾಶಕದ ಡಬ್ಬಿಯಷ್ಟೇ ಜೋಪಾನವಾಗಿ ಅದನ್ನು ಎತ್ತರದಲ್ಲಿಡಿರಿ.

ಊಟದಲ್ಲಿ ಹೆಸರು, ಕಡಲೆ, ಅಲಸಂದೆ, ಪಾಲಕ್, ರಾಜಗಿರಿ ಸೊಪ್ಪು ಇರಲಿ. ಆ ತಿಂಗಳುಗಳಲ್ಲಿ ಗುಳಿಗೆಗೆ ಇವು ಬದಲಿಯಲ್ಲ, ಜೊತೆಗೆ ಬೇಕಾದವು. ಫೋಲಿಕ್ ಆಮ್ಲ ನೀರಿಗೆ ಬಿಟ್ಟುಕೊಳ್ಳುತ್ತದೆ, ಬಹಳ ಹೊತ್ತು ಕುದಿಸಿದರೆ ನಾಶವೂ ಆಗುತ್ತದೆ. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ ಬೇಗ ಬೇಯಿಸಿರಿ. ಬೇಳೆಯ ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸಿರಿ.